ಟಿಟಿ, ಬಸ್ಸು, ರೈಲು, ವಿಮಾನ: ಚಿಕ್ಕಬಳ್ಳಾಪುರದಿಂದ ಬರ್ಲಿನ್‌ಗೆ ಎಲ್ಲ ಹತ್ತಿ ನೋಡಿದೆ

2023ರ ಅಕ್ಟೋಬರ್‌ನಲ್ಲಿ ಓದೋಕೆ ಅಂತ ನಾನು ಬರ್ಲಿನ್‌ಗೆ ಹೊರಟಾಗ, ನನ್ನೊಬ್ಬಳನ್ನು ಕಳಿಸಲು ಹನ್ನೊಂದು ಜನ ಬಂದಿದ್ದರು. ಅದಕ್ಕೆಂದೇ ಒಂದು ಟಿಟಿ, ಅಂದರೆ ಟೆಂಪೋ ಟ್ರಾವೆಲರ್, ಬಾಡಿಗೆಗೆ. ಚಿಕ್ಕಬಳ್ಳಾಪುರದಿಂದ ಏರ್‌ಪೋರ್ಟಿಗೆ ಮೂವತ್ತು ಕಿಲೋಮೀಟರ್ ಆಸುಪಾಸು. ಅಜ್ಜಿ ಗೇಟಿನ ಹತ್ತಿರ ಅತ್ತರು. ಮಾವ ಫೋಟೊ ತೆಗೆದರು. ವಾಪಸ್ ಹೋಗುವಾಗ ಎಲ್ಲರೂ ದೇವನಹಳ್ಳಿಯಲ್ಲಿ ಗಾಡಿ ನಿಲ್ಲಿಸಿ ಇಡ್ಲಿ ತಿಂದರಂತೆ.

ನಾನು ಓದಲು ಹೋಗಿದ್ದು ಪರಿಸರ ಎಂಜಿನಿಯರಿಂಗ್. ಮೊದಲ ವಾರವೇ ಒಂದು ಲೆಕ್ಕ ಕೊಟ್ಟರು: ನೀವು ಇಲ್ಲಿಗೆ ಬಂದ ದಾರಿಯಲ್ಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಬಿಟ್ಟು ಬಂದಿದ್ದೀರಿ? ಪಕ್ಕದಲ್ಲಿದ್ದ ಪೋಲೆಂಡಿನ ಹುಡುಗ ರೈಲಲ್ಲಿ ಬಂದಿದ್ದ. ಅವನ ಉತ್ತರ ಕಿಲೋ ಲೆಕ್ಕದಲ್ಲಿತ್ತು. ನನ್ನದು ಅರ್ಧ ಟನ್. ಬಂದು ಹೋಗುವುದು ಸೇರಿದರೆ ಒಂದು ಟನ್. ನಮ್ಮ ದೇಶದಲ್ಲಿ ತಲೆಗೆ ವರ್ಷಕ್ಕೆ ಎರಡು ಟನ್ ಆಸುಪಾಸು. ಅಂದರೆ ಒಬ್ಬರು ಆರು ತಿಂಗಳು ಬದುಕುವ ಲೆಕ್ಕ ಒಂದು ಟಿಕೆಟ್ಟಿನಲ್ಲಿ ಮುಗಿದಿತ್ತು.

ಯೂರೋಪಿನ ಹುಡುಗರಿಗೆ ಈ ವಿಷಯದಲ್ಲಿ ದಾರಿ ಸುಲಭ. ಬೇರೆ ದೇಶಕ್ಕೆ ಓದಲು ಹೋಗುವವರಿಗೆ ನೆರವು ಕೊಡುವ ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ರೈಲು, ಬಸ್ಸಲ್ಲಿ ಹೋಗುವವರಿಗೆ ಹಸಿರು ಪ್ರಯಾಣ ಅಂತ ಹೆಚ್ಚುವರಿ ಹಣವನ್ನೂ ಕೊಡುತ್ತಾರೆ. ನಂದಿ ಬೆಟ್ಟದ ಬುಡದಿಂದ ಬರ್ಲಿನ್‌ಗೆ ರೈಲು ಎಲ್ಲಿದೆ, ಹೇಳಿ? ಆದರೂ ಆ ಅರ್ಧ ಟನ್ ತಲೆಯಲ್ಲಿ ಕೂತುಬಿಟ್ಟಿತು. ಅಲ್ಲಿಂದ ಪ್ರತಿ ಸಲವೂ ಬೇರೆ ಬೇರೆ ದಾರಿ ಹಿಡಿದು ನೋಡಿದೆ.

ಮನೆಯಿಂದ ಏರ್‌ಪೋರ್ಟಿಗೆ ಹೋಗುವುದನ್ನೇ ಮೊದಲು ತೆಗೆದುಕೊಳ್ಳೋಣ. ಎರಡನೇ ಸಲ, 2024ರ ಜನವರಿಯಲ್ಲಿ, ಹಟ ಮಾಡಿ ಬಸ್ಸಲ್ಲಿ ಹೊರಟೆ. ದೇವನಹಳ್ಳಿಯಲ್ಲಿ ಇಳಿದು ಆಟೋ ಹಿಡಿಯುವಷ್ಟರಲ್ಲಿ ಒಂದು ಸೂಟ್‌ಕೇಸಿನ ಚಕ್ರ ಕಿತ್ತುಬಂತು. ಇಪ್ಪತ್ಮೂರು ಕೆಜಿಯನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ. ಮೂರನೇ ಸಲ ರೈಲು. ಏರ್‌ಪೋರ್ಟ್ ಹತ್ತಿರ ಹಾಲ್ಟ್ ಸ್ಟೇಷನ್ ಶುರುವಾಗಿದ್ದು 2021ರ ಜನವರಿಯಲ್ಲಿ. ನಮ್ಮೂರಿನ ಹಳಿಯ ಮೇಲೇ ಇದೆ. ಟಿಕೆಟ್ಟಿಗೆ ಒಂದು ಕಾಫಿಯ ದುಡ್ಡು ಸಾಕು. ಅಲ್ಲಿಂದ ಟರ್ಮಿನಲ್‌ಗೆ ಇನ್ನೊಂದು ಬಸ್ಸು. ತೊಂದರೆ ಒಂದೇ: ಯೂರೋಪಿನ ವಿಮಾನ ಹೊರಡುವುದು ನಡುರಾತ್ರಿ ಕಳೆದ ಮೇಲೆ, ಆ ಹೊತ್ತಿನಲ್ಲಿ ರೈಲಿಲ್ಲ. ಸಂಜೆಯೇ ಹೋಗಿ ಏಳು ಗಂಟೆ ಕುರ್ಚಿಯ ಮೇಲೆ ಕೂತೆ. ಅಮ್ಮ ಕಟ್ಟಿಕೊಟ್ಟ ಚಪಾತಿ ಎರಡು ಸಲ ತಿಂದೆ.

ಆಮೇಲೆ ಕೂತು ಲೆಕ್ಕ ಹಾಕಿದರೆ ನಗು ಬಂತು. ಟಿಟಿ ಹೋಗಿ ಬರೋಕೆ ಆರು ಲೀಟರ್ ಡೀಸೆಲ್ ಅಂತಿಟ್ಟುಕೊಳ್ಳಿ. ಲೀಟರಿಗೆ 2.7 ಕೆಜಿಯಂತೆ ಹದಿನಾರು ಕೆಜಿ. ವಿಮಾನದ ಅರ್ಧ ಟನ್ ಮುಂದೆ ಅದು ಬಸ್ಸಿನ ಚಿಲ್ಲರೆ. ಅಷ್ಟಕ್ಕೋಸ್ಕರ ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ಹೋಗಬೇಕಾಗಿಲ್ಲ. ಒಂದೇ ಬ್ಯಾಗು ಇದ್ದರೆ ರೈಲು, ಎರಡು ದೊಡ್ಡ ಸೂಟ್‌ಕೇಸ್ ಇದ್ದರೆ ಟಿಟಿ. ನನ್ನ ತೀರ್ಪು ಇಷ್ಟೇ.

ಇನ್ನು ವಿಮಾನ. ಮೊದಲ ಎರಡು ಸಲ ಕೊಲ್ಲಿ ದೇಶದಲ್ಲಿ ಇಳಿದು ಬರ್ಲಿನ್‌ಗೆ ಹೋಗುವ ಟಿಕೆಟ್. ಅಗ್ಗ. ಆಮೇಲಿನ ಸಲ ಬೆಂಗಳೂರು–ಫ್ರಾಂಕ್‌ಫರ್ಟ್ ನೇರ ವಿಮಾನ, ಅಲ್ಲಿಂದ ಬರ್ಲಿನ್‌ಗೆ ರೈಲು. ಹದಿನೈದು ಸಾವಿರ ಜಾಸ್ತಿ ಬಿತ್ತು. ವಿಮಾನ ಜಾಸ್ತಿ ಇಂಧನ ಕುಡಿಯುವುದು ಮೇಲೇರುವಾಗ. ಎರಡು ಸಲ ಏರಿದರೆ ಆ ಖರ್ಚೂ ಎರಡು ಸಲ. ನಿಜ ಹೇಳಬೇಕೆಂದರೆ ಕೊಲ್ಲಿ ದೇಶಗಳು ಹೆಚ್ಚುಕಡಿಮೆ ದಾರಿಯಲ್ಲೇ ಬರುವುದರಿಂದ ಸುತ್ತು ತೀರಾ ದೊಡ್ಡದಲ್ಲ. ಹಾಗಾಗಿ ಉಳಿತಾಯವೂ ದೊಡ್ಡದಲ್ಲ. ನನಗೆ ಇಷ್ಟವಾಗಿದ್ದು ಬೇರೆ ಕಾರಣಕ್ಕೆ. ಫ್ರಾಂಕ್‌ಫರ್ಟ್ ಏರ್‌ಪೋರ್ಟಿಗೆ ಅಂಟಿಕೊಂಡೇ ದೂರದ ರೈಲುಗಳ ಸ್ಟೇಷನ್ ಇದೆ. ಸೂಟ್‌ಕೇಸ್ ತಳ್ಳಿಕೊಂಡು ನಡೆದೇ ಹೋಗಬಹುದು. ನಡುರಾತ್ರಿ ಯಾವುದೋ ಮಾಲ್‌ನಂಥ ಜಾಗದಲ್ಲಿ ನಿದ್ದೆಗಣ್ಣಲ್ಲಿ ಅಲೆಯುವುದು ತಪ್ಪಿತು. ದುಡ್ಡಿದ್ದರೆ ನೇರ ಹೋಗಿ. ಇಲ್ಲದಿದ್ದರೆ ಅದಕ್ಕಾಗಿ ಸಾಲ ಮಾಡಬೇಡಿ.

ಟಿಕೆಟ್ ಕೊಳ್ಳುವಾಗ ಕೆಲವು ಯೂರೋ ಜಾಸ್ತಿ ಕೊಟ್ಟರೆ ಗಿಡ ನೆಡುತ್ತೇವೆ ಅನ್ನುವ ಬಾಕ್ಸ್ ಬರುತ್ತದಲ್ಲ, ಅದನ್ನೂ ಒಂದು ಸಲ ಟಿಕ್ ಮಾಡಿದೆ. ಗಿಡ ಮರವಾಗೋಕೆ ಇಪ್ಪತ್ತು ವರ್ಷ ಬೇಕು. ಹೊಗೆ ಇವತ್ತೇ ಮೇಲೆ ಹೋಗಿದೆ. ಮತ್ತೆ ಟಿಕ್ ಮಾಡಲಿಲ್ಲ.

ಮ್ಯೂನಿಕ್‌ನಲ್ಲಿ ಕೋಲಾರದ ಗೆಳತಿಯೊಬ್ಬಳು ಓದುತ್ತಿದ್ದಳು. ಅವಳ ಮನೆಗೆ ನಾಲ್ಕು ಸಲ ಹೋದೆ, ನಾಲ್ಕೂ ಸಲ ಬೇರೆ ಬೇರೆ ವಾಹನದಲ್ಲಿ. ಮೊದಲು ವಿಮಾನ. ಹಾರಾಟ ಒಂದು ಗಂಟೆ ಹತ್ತು ನಿಮಿಷ ಅಷ್ಟೇ. ಆದರೆ ಊರಿನಾಚೆಯ ಏರ್‌ಪೋರ್ಟಿಗೆ ಹೋಗಿ, ತಪಾಸಣೆಗೆ ನಿಂತು, ಆ ಕಡೆ ಇಳಿದು ಮತ್ತೆ ನಲವತ್ತು ನಿಮಿಷ ಲೋಕಲ್ ರೈಲು ಹಿಡಿದು ಅವಳ ಮನೆ ಮುಟ್ಟುವಾಗ ಐದು ಗಂಟೆ ದಾಟಿತ್ತು. ಎರಡನೇ ಸಲ ಹೈಸ್ಪೀಡ್ ರೈಲು. 2017ರ ಡಿಸೆಂಬರ್‌ನಲ್ಲಿ ಹೊಸ ಹಳಿ ಪೂರ್ತಿಯಾದ ಮೇಲೆ ಬರ್ಲಿನ್‌ನಿಂದ ಮ್ಯೂನಿಕ್‌ಗೆ ನಾಲ್ಕೇ ಗಂಟೆ. ಊರ ನಡುವೆ ಹತ್ತಿ ಊರ ನಡುವೆ ಇಳಿಯುವುದು. ವಾರಗಳ ಮುಂಚೆಯೇ ಟಿಕೆಟ್ ತೆಗೆದರೆ ಇಪ್ಪತ್ತು ಯೂರೋ ಆಸುಪಾಸಿಗೂ ಸಿಗುತ್ತದೆ. ಕೊನೇ ಗಳಿಗೆಯಲ್ಲಿ ನೂರು ದಾಟುತ್ತದೆ. ಒಂದು ಗಂಟೆ ತಡವಾದರೆ ಟಿಕೆಟ್ಟಿನ ಕಾಲು ಭಾಗ ವಾಪಸ್ ಕೊಡಬೇಕು ಅನ್ನುವುದು ಅಲ್ಲಿಯ ಕಾನೂನು. ಇದನ್ನು ಫೋನಲ್ಲಿ ಹೇಳಿದಾಗ ಅಪ್ಪ ಬಹಳ ಹೊತ್ತು ನಕ್ಕರು.

ರಾತ್ರಿ ಬಸ್ಸು ಎಂಟು ಗಂಟೆ. ಅಗ್ಗವೇನೋ ಹೌದು, ಆದರೆ ಕಾಲು ಚಾಚೋಕೆ ಆಗುವುದಿಲ್ಲ. ನಮ್ಮ ಸ್ಲೀಪರ್ ಬಸ್ಸುಗಳಲ್ಲಿ ಮಲಗಿ ಅಭ್ಯಾಸವಾದವರಿಗೆ ಇದು ಶಿಕ್ಷೆ.

ನಾಲ್ಕನೆಯದು ನನಗೆ ಬಹಳ ಇಷ್ಟವಾಯಿತು. ಜರ್ಮನಿಯಲ್ಲಿ 2023ರ ಮೇ ತಿಂಗಳಿಂದ ತಿಂಗಳಿಗೆ 49 ಯೂರೋದ ಒಂದು ಪಾಸ್ ಬಂತು. ದೇಶದ ಯಾವ ಊರಲ್ಲಾದರೂ ಸಿಟಿ ಬಸ್ಸು, ಮೆಟ್ರೊ, ಪ್ಯಾಸೆಂಜರ್ ರೈಲು ಹತ್ತಬಹುದು. ಹೈಸ್ಪೀಡ್ ರೈಲು, ದೂರದ ಎಕ್ಸ್‌ಪ್ರೆಸ್ ರೈಲು ಮಾತ್ರ ಇಲ್ಲ. 2024ರ ಏಪ್ರಿಲ್‌ನಿಂದ ವಿದ್ಯಾರ್ಥಿಗಳಿಗೆ 29.40 ಯೂರೋ ಆಯಿತು. ಆಮೇಲೆ ಬೆಲೆ ಏರಿತು ಬಿಡಿ. ಆ ಪಾಸ್ ಹಿಡಿದು, ನಾಲ್ಕು ಸಲ ರೈಲು ಬದಲಿಸಿ, ಲೈಪ್‌ಜಿಗ್, ನ್ಯೂರೆಂಬರ್ಗ್ ಅಂತ ನಿಂತು ನಿಂತು ಹೋದೆ. ಹತ್ತು ಗಂಟೆ ಹಿಡಿಯಿತು. ಕಿಟಕಿಯ ಹೊರಗೆ ಹೊಲ, ಚರ್ಚು, ಗಾಳಿಯಂತ್ರ. ಒಂದು ಸಣ್ಣ ಸ್ಟೇಷನ್‌ನಲ್ಲಿ ಸಿಕ್ಕ ಅಜ್ಜಿ ನನ್ನ ಚಕ್ಕುಲಿ ತಿಂದು ಹೆಸರು ಬರೆದುಕೊಂಡರು.

ಹೊಗೆಯ ಲೆಕ್ಕದಲ್ಲಿ ಒಂದು ವಿಚಿತ್ರ ಇದೆ. ಹೈಸ್ಪೀಡ್ ರೈಲಿಗೂ ಬಸ್ಸಿಗೂ ತಲೆಗೆ ಕಿಲೋಮೀಟರಿಗೆ ಸುಮಾರು ಮೂವತ್ತು ಗ್ರಾಂ. ದೇಶದೊಳಗಿನ ವಿಮಾನಕ್ಕೆ ಇದರ ಎಂಟು ಪಟ್ಟಿಗೂ ಜಾಸ್ತಿ. ಪ್ಯಾಸೆಂಜರ್ ರೈಲು ಎಲ್ಲಕ್ಕಿಂತ ಕಡಿಮೆ ಇರಬೇಕು ಅಂದುಕೊಂಡಿದ್ದೆ. ಅಲ್ಲ. ಅದು ಹೈಸ್ಪೀಡ್ ರೈಲಿನ ಹತ್ತಿರ ಹತ್ತಿರ ಎರಡು ಪಟ್ಟು. ಎಷ್ಟೋ ಹೊತ್ತು ಅರ್ಧ ಖಾಲಿ ಓಡುತ್ತದೆ, ಕೆಲವು ಕಡೆ ಇನ್ನೂ ಡೀಸೆಲ್. ಆದರೂ ನಾನು ಹತ್ತದಿದ್ದರೂ ಅದು ಓಡುತ್ತಿತ್ತು, ಅಲ್ವಾ? ಹೋಗುವ ದಿನ ಮೊದಲೇ ಗೊತ್ತಿದ್ದರೆ ಹೈಸ್ಪೀಡ್, ಜೇಬು ಖಾಲಿಯಿದ್ದು ಬಿಡುವಿದ್ದರೆ ಪಾಸ್. ವಿಮಾನಕ್ಕೆ ನನ್ನ ಹತ್ತಿರ ಒಂದು ನೆಪವೂ ಉಳಿದಿಲ್ಲ.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ಕುಕ್ಕರ್, ಒಗ್ಗರಣೆ ಸೌಟು ಇಲ್ಲಿಂದಲೇ ಒಯ್ಯಿರಿ. ಬೇರೆ ಏನನ್ನೂ ಹೊಸದಾಗಿ ಕೊಳ್ಳಬೇಡಿ. ಬರ್ಲಿನ್‌ನಲ್ಲಿ ಜನ ಬೇಡದ್ದನ್ನು ಡಬ್ಬಿಗೆ ಹಾಕಿ, ಬಿಟ್ಟಿ ಕೊಡುತ್ತೇವೆ ಅಂತ ಚೀಟಿ ಅಂಟಿಸಿ ಬಾಗಿಲ ಹೊರಗೆ ಇಡುತ್ತಾರೆ. ನನ್ನ ಟೇಬಲ್ ಲ್ಯಾಂಪು, ನಾಲ್ಕು ತಟ್ಟೆ, ಒಂದು ಕುರ್ಚಿ ಎಲ್ಲ ಹಾಗೆ ಬಂದವು.

ಕೊನೆಗೆ ದೊಡ್ಡ ಲೆಕ್ಕ. ಮ್ಯೂನಿಕ್‌ಗೆ ಹಲವು ಸಲ ವಿಮಾನ ಬಿಟ್ಟು ರೈಲಲ್ಲಿ ಹೋಗಿ ಬಂದು ಉಳಿಸಿದ್ದೆಲ್ಲ, ಒಂದೇ ಸಲ ಊರಿಗೆ ಬಂದು ಹೋದರೆ ಕರಗಿಹೋಗುತ್ತದೆ. ನಾನು ನಡುವೆ ಎರಡು ಸಲ ಬಂದೆ. 2023ರ ಡಿಸೆಂಬರ್‌ನಲ್ಲಿ ಹದಿನಾರು ದಿನಕ್ಕೆ. ಬರ್ಲಿನ್‌ನಲ್ಲಿ ಆಗ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ. ಮನೆ ನೆನಪಾಗಿ ತಡೆಯಲಾಗಲಿಲ್ಲ. ಐದು ದಿನ ನಿದ್ದೆ ಸರಿಹೋಗೋಕೆ, ಐದು ದಿನ ನೆಂಟರ ಮನೆಗೆ ಹೋಯಿತು. ಮಾರನೇ ಸಲ 2024ರ ಆಗಸ್ಟ್‌ನಲ್ಲಿ ಬಂದು ಏಳು ವಾರ ಇದ್ದೆ. ಗಣೇಶನ ಹಬ್ಬ ಮುಗಿಸಿ, ಪ್ರಾಜೆಕ್ಟ್ ವರದಿಯನ್ನು ಮಹಡಿಯ ಕೋಣೆಯಲ್ಲೇ ಕೂತು ಬರೆದೆ. ಒಂದು ಟನ್ನನ್ನು ದಿನಕ್ಕೆ ಹಂಚಿದರೆ ಮೊದಲ ಸಲ ಅರವತ್ತು ಕೆಜಿ, ಎರಡನೇ ಸಲ ಇಪ್ಪತ್ತು. ಓದುವ ಮಕ್ಕಳಿಗೆ ಅಲ್ಲಿಯ ಬೇಸಿಗೆಯ ಉದ್ದ ರಜೆಯೇ ಸರಿ. ಬನ್ನಿ, ಇರಿ, ಬೇಗ ಹೋಗಬೇಡಿ.

ಆದರೆ ಆಗಸ್ಟ್‌ನಲ್ಲಿ ಅವರೆಕಾಯಿ ಇರುವುದಿಲ್ಲ. ಆ ಹದಿನಾರು ದಿನದಲ್ಲಿ ಒಂಬತ್ತು ದಿನ ಹಿತಕಿದ ಬೇಳೆ ಸಾರು ತಿಂದಿದ್ದೆ. ಅದನ್ನು ಯಾವ ಕಾಲಂನಲ್ಲಿ ಬರೆಯಬೇಕೋ ತಿಳಿಯಲಿಲ್ಲ. ಓದು ಮುಗಿಸಿ ಬರೋಕೆ ಟಿಕೆಟ್ ತೆಗೆಯುವಾಗ ಅಕ್ಟೋಬರ್‌ನಲ್ಲಿ ಅಗ್ಗವಿತ್ತು. ನಾನು 2025ರ ಡಿಸೆಂಬರ್‌ಗೆ ತೆಗೆದೆ. ನೇರ ವಿಮಾನ, ಒಂದೇ ಕಡೆಗೆ. ಹಾಲ್ಟ್ ಸ್ಟೇಷನ್‌ನಿಂದ ರೈಲಲ್ಲಿ ಬರ್ತೀನಿ ಅಂದರೆ ಕೇಳಬೇಕಲ್ಲ, ಟಿಟಿ ಬಂದಿತ್ತು. ಈ ಸಲ ಹದಿಮೂರು ಜನ.