ವಿಸಿಡಿ, ಡಿವಿಡಿ, ಬ್ಲೂ-ರೇ: ಮೂರನ್ನೂ ಬಳಸಿದ ಮೇಲೆ ನನ್ನ ಓಟು ಡಿವಿಡಿ ಪ್ಲೇಯರಿಗೆ

ಮನೆಯಲ್ಲಿ ಹಳೆಯ ಯಕ್ಷಗಾನದ ವಿಸಿಡಿ, ಮದುವೆ ವಿಡಿಯೊ, ಕನ್ನಡ ಸಿನಿಮಾದ ಡಿವಿಡಿ ಇದ್ದರೆ ಇವತ್ತಿಗೂ ಒಂದು ಸಾಧಾರಣ ಡಿವಿಡಿ ಪ್ಲೇಯರ್ ಇಟ್ಟುಕೊಳ್ಳಿ. ಚಿತ್ರದ ಸ್ಪಷ್ಟತೆಯಲ್ಲಿ ಬ್ಲೂ-ರೇಯೇ ಮೇಲು, ಅದರಲ್ಲಿ ಎರಡು ಮಾತಿಲ್ಲ. ಆದರೂ ನಮ್ಮ ಮನೆಯಲ್ಲಿ ಹೆಚ್ಚು ಓಡುವುದು ಡಿವಿಡಿ ಪ್ಲೇಯರೇ.

ಕರಾವಳಿಯ ನಮಗೆ ವಿಸಿಡಿ ಬಂದದ್ದೇ ದೊಡ್ಡ ಉಪಕಾರ. ಮಳೆಗಾಲ ಹಿಡಿದರೆ ಕ್ಯಾಸೆಟ್ಟಿನ ಟೇಪಿಗೆ ಬೂಸ್ಟು ಬರುತ್ತಿತ್ತು, ಅದನ್ನು ಹಾಗೇ ಹಾಕಿದರೆ ವಿಸಿಆರ್ ಹೆಡ್ಡೂ ಕೊಳೆಯಾಗುತ್ತಿತ್ತು. ಡಿಸ್ಕಾದರೆ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ಒರೆಸಿದರೆ ಆಯಿತು. 1993ರಲ್ಲಿ ರೂಪುಗೊಂಡ ಈ ವಿಸಿಡಿ ಅಮೆರಿಕದಲ್ಲಿ ನೆಲೆಯೂರಲಿಲ್ಲ, ಏಷ್ಯಾದಲ್ಲಿ ಮನೆಮನೆ ಹೊಕ್ಕಿತು. ಕೊರತೆಯೂ ಇತ್ತು. 352×288 ಪಿಕ್ಸೆಲ್‌ನ ಚಿತ್ರದಲ್ಲಿ ವೇಷ ನಿಂತು ಅರ್ಥ ಹೇಳುವಷ್ಟು ಹೊತ್ತು ಚೆನ್ನಾಗಿಯೇ ಕಾಣುತ್ತದೆ, ಧಿಗಿಣ, ಅಂದರೆ ಗಿರಗಿರನೆ ಸುತ್ತುವ ಕುಣಿತ, ಶುರುವಾಯಿತೋ ಪರದೆಯೆಲ್ಲ ಚೌಕ ಚೌಕ. ಒಂದು ಡಿಸ್ಕಿಗೆ ಹಿಡಿಸುವುದು ಸುಮಾರು 74 ನಿಮಿಷ. ಭಾಗವತರು ಪದ ಎತ್ತಿದ ಹೊತ್ತಿಗೇ ಡಿಸ್ಕ್ ಮುಗಿದು, ಎದ್ದು ಹೋಗಿ ಬದಲಾಯಿಸಬೇಕು.

ಡಿವಿಡಿ ಗೆದ್ದದ್ದು ಬರೀ ಚಿತ್ರದಿಂದಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸೋನಿ–ಫಿಲಿಪ್ಸ್ ಒಂದು ನಮೂನೆ, ತೋಷಿಬಾ ಬಳಗ ಇನ್ನೊಂದು ನಮೂನೆ ಹಿಡಿದು ನಿಂತಿದ್ದವು. 1995ರಲ್ಲಿ ರಾಜಿಯಾಗಿ ಒಂದೇ ನಮೂನೆಗೆ ಒಪ್ಪಿದ್ದರಿಂದ 1996ರಲ್ಲಿ ಜಪಾನಿನಲ್ಲಿ ಮಾರಾಟ ಶುರುವಾದಾಗ ಕೊಳ್ಳುವವರಿಗೆ ಗೊಂದಲವಿರಲಿಲ್ಲ. ಅಳತೆಯೂ ಸಿಡಿಯಂತೆ 12 ಸೆಂಟಿಮೀಟರ್. ಹೀಗಾಗಿ ನಮ್ಮ ಕಡೆ ಮಾರುತ್ತಿದ್ದ ಪ್ಲೇಯರುಗಳು ಅದೇ ಟ್ರೇಯಲ್ಲಿ ವಿಸಿಡಿಯನ್ನೂ ಓದುತ್ತಿದ್ದವು. ಇದ್ದ ಡಿಸ್ಕನ್ನು ಯಾರೂ ಎಸೆಯಬೇಕಾಗಲಿಲ್ಲ. ಆಮೇಲೆ ಬೆಲೆಯ ಮಾತು. 2007ರಲ್ಲಿ ಡಿಸ್ಕ್ ತಯಾರಿಸುವ ಮೋಸರ್ ಬೇರ್ ಕಂಪನಿ ಸಿನಿಮಾದ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ತಂದಿತು. ಬರೀ ಆರು ರೂಪಾಯಿ ಹೆಚ್ಚಿಗೆ ಇಡೀ ಸಿನಿಮಾ ಒಂದೇ ಡಿಸ್ಕಿನಲ್ಲಿ ಸಿಗುವಾಗ ವಿಸಿಡಿಯನ್ನು ಯಾರು ಕೇಳುತ್ತಾರೆ?

ಬ್ಲೂ-ರೇ ಹುಟ್ಟಿದ್ದೇ ಜಗಳದಲ್ಲಿ. 2006ರಲ್ಲಿ ಅದೂ, ತೋಷಿಬಾದ ಎಚ್‌ಡಿ ಡಿವಿಡಿಯೂ ಮಾರುಕಟ್ಟೆಗೆ ಬಂದವು. ಎರಡಕ್ಕೂ 405 ನ್ಯಾನೋಮೀಟರಿನ ಅದೇ ನೀಲಿ-ನೇರಳೆ ಲೇಸರ್. ಒಂದು ಪದರದಲ್ಲಿ ಬ್ಲೂ-ರೇಗೆ 25 ಜಿಬಿ, ಎಚ್‌ಡಿ ಡಿವಿಡಿಗೆ 15. ಆದರೆ ತೀರ್ಪು ಕೊಟ್ಟದ್ದು ಜಿಬಿ ಲೆಕ್ಕವಲ್ಲ. ಸೋನಿಯ ವಿಡಿಯೊ ಗೇಮ್ ಯಂತ್ರ ಪ್ಲೇಸ್ಟೇಷನ್ 3ರೊಳಗೇ ಬ್ಲೂ-ರೇ ಪ್ಲೇಯರ್ ಇತ್ತು, ಆಟಕ್ಕೆಂದು ಅದನ್ನು ಕೊಂಡವರ ಮನೆಗೆ ಬ್ಲೂ-ರೇ ತಾನಾಗಿ ಬಂತು. 2008ರ ಜನವರಿಯಲ್ಲಿ ಹಾಲಿವುಡ್ಡಿನ ಸಿನಿಮಾ ಸಂಸ್ಥೆ ವಾರ್ನರ್ ಬ್ಲೂ-ರೇ ಪಕ್ಷ ಸೇರಿತು, ಫೆಬ್ರುವರಿಯಲ್ಲಿ ತೋಷಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಟ್ಟಿತು.

ಅಲ್ಲಿ ಗೆದ್ದ ಬ್ಲೂ-ರೇ ನಮ್ಮ ಮನೆಯಲ್ಲಿ ಬೇರೂರಲಿಲ್ಲ. ಡಿಸ್ಕ್ ದುಬಾರಿ, ನಾನು ನೋಡಬೇಕೆಂದುಕೊಂಡ ಕನ್ನಡ ಸಿನಿಮಾಗಳು ಅದರಲ್ಲಿ ಸಿಗುವುದು ಅಪರೂಪ. ಬ್ಲೂ-ರೇಯಲ್ಲಿ ದೇಶಗಳನ್ನು ವಲಯಗಳಾಗಿ ಹಂಚಿದ್ದಾರೆ: ಭಾರತದ್ದು ಸಿ ವಲಯ, ಅಮೆರಿಕದ್ದು ಎ. ಹಾಗಾಗಿ ಅಲ್ಲಿಂದ ನೆಂಟರು ತಂದ ವಲಯ-ಬೀಗದ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ನಡೆಯುವುದಿಲ್ಲ. ನನಗೆ ಹೆಚ್ಚು ಬೇಸರ ತಂದದ್ದು ಮಾತ್ರ ಬೇರೆ: ನಮ್ಮ ಬ್ಲೂ-ರೇ ಪ್ಲೇಯರ್ ಡಿವಿಡಿ ಓದುತ್ತದೆ, ವಿಸಿಡಿ ಓದುವುದಿಲ್ಲ. ಮನೆಯ ಯಕ್ಷಗಾನದ ಸಂಗ್ರಹವೆಲ್ಲ ಇರುವುದು ವಿಸಿಡಿಯಲ್ಲೇ.

ಈಗ ಪ್ಲೇಯರ್ ಕೊಳ್ಳುವವರು ಪೆಟ್ಟಿಗೆಯ ಮೇಲೆ ವಿಸಿಡಿ ಎಂದು ಬರೆದಿದೆಯೇ ನೋಡಿ. ಹೊಸ ಟಿವಿಗಳಲ್ಲಿ ಹಳದಿ-ಕೆಂಪು-ಬಿಳಿ ಪಿನ್ನಿನ ಜಾಗ ಇಲ್ಲದಿರಬಹುದು, ಎಚ್‌ಡಿಎಂಐ ಇರುವುದನ್ನೇ ಆರಿಸಿ. ಜೊತೆಗೆ ಡಿಸ್ಕುಗಳನ್ನು ಕಂಪ್ಯೂಟರಿಗೆ ನಕಲು ಮಾಡುತ್ತಾ ಬನ್ನಿ. ಅಂಗಡಿಯಲ್ಲಿ ಕೊಂಡ ಅಚ್ಚಿನ ಡಿಸ್ಕುಗಳು ಸ್ವಲ್ಪ ಕಾಯಬಲ್ಲವು. ಸ್ಟುಡಿಯೋದವರು ಬರ್ನ್ ಮಾಡಿಕೊಟ್ಟ ಮದುವೆ, ಮುಂಜಿಯ ಡಿಸ್ಕುಗಳ ಬಣ್ಣದ ಪದರ ಕಾಲಕ್ರಮೇಣ ಮಾಸುತ್ತದೆ, ಅವನ್ನು ಮೊದಲು ಮಾಡಿ.