ಕವರ್ ಹಾಕಿಸದ ಕೃತಕ ಕಾಲು: ವರ್ಷಗಟ್ಟಲೆ ಬಳಸಿದ ಮೇಲೆ

ಬಳಕೆಯಲ್ಲಿರುವುದು: ಮೊಣಕಾಲಿನ ಕೆಳಗಿನ ಕೃತಕ ಕಾಲು. ಕಾರ್ಬನ್ ಫೈಬರ್ ಸಾಕೆಟ್ (ಉಳಿದ ಕಾಲು ಕೂರುವ ಗಟ್ಟಿ ಕವಚ), ಸಿಲಿಕೋನ್ ಲೈನರ್ (ಚರ್ಮದ ಮೇಲೆ ತೊಡುವ ಮೆತ್ತನೆಯ ಒರೆ), ಪಿನ್ ಲಾಕ್ (ಲೈನರಿನ ತುದಿಯ ಪಿನ್ ಸಾಕೆಟ್‌ನ ತಳದಲ್ಲಿ ಟಿಕ್ ಟಿಕ್ ಎಂದು ಸಿಕ್ಕಿಕೊಳ್ಳುವ ಬೀಗ), 30 ಮಿ.ಮೀ. ಅಲ್ಯೂಮಿನಿಯಂ ಕೊಳವೆ, ಕಾರ್ಬನ್ ಪಾದ. ಚರ್ಮದ ಬಣ್ಣದ ಫೋಮ್ ಕವರ್ ಹಾಕಿಸಿಲ್ಲ. ಅಂಕ: 5ಕ್ಕೆ 4.

ಕಾಲು ಕೈಗೆ ಬರುವ ಹೊತ್ತಿಗೆ ಪ್ರಾಸ್ಥೆಟಿಸ್ಟ್ (ಕೃತಕ ಕಾಲು ಮಾಡಿ ಹೊಂದಿಸಿಕೊಡುವ ತಜ್ಞರು) ಕೇಳುತ್ತಾರೆ, ಕವರ್ ಬೇಕಾ ಬೇಡವಾ ಅಂತ. ನೋಡಿದವರಿಗೆ ಗೊತ್ತಾಗಬಾರದು ಎಂಬ ಒಂದೇ ಕಾರಣಕ್ಕೆ ಎಷ್ಟೋ ಜನ ಹಿಂದೆಮುಂದೆ ನೋಡದೆ ‘ಬೇಕು’ ಅನ್ನುತ್ತಾರೆ. ಮೊದಲ ಕೆಲವು ತಿಂಗಳಾದರೂ ಬೇಡ ಅನ್ನಿ. ಆ ಅವಧಿಯಲ್ಲಿ ಸ್ಟಂಪ್, ಅಂದರೆ ಕತ್ತರಿಸಿದ ಮೇಲೆ ಉಳಿದ ಕಾಲಿನ ಭಾಗ, ಸೊರಗುತ್ತಾ ಹೋಗುತ್ತದೆ, ಪಾದದ ಕೋನವನ್ನು ಮತ್ತೆ ಮತ್ತೆ ಸರಿಪಡಿಸಬೇಕಾಗುತ್ತದೆ. ಆ ಕೆಲಸ ನಡೆಯುವುದು ಕೊಳವೆಯನ್ನು ಸಾಕೆಟ್‌ಗೂ ಪಾದಕ್ಕೂ ಜೋಡಿಸುವ, ಅದರ ಎರಡೂ ತುದಿಯ ಅಡಾಪ್ಟರ್‌ಗಳಲ್ಲಿರುವ ನಾಲ್ಕು ನಾಲ್ಕು ಸ್ಕ್ರೂಗಳಲ್ಲಿ. ಸಾಮಾನ್ಯವಾಗಿ 4 ಮಿ.ಮೀ. ಅಲನ್ ಕೀ ಸಾಕು. ಕವರ್ ಇದ್ದರೆ ಪ್ರತಿ ಸಲ ಫೋಮ್ ಸರಿಸಬೇಕು, ಇಲ್ಲವೇ ಕತ್ತರಿಸಬೇಕು. ಮೊಣಕಾಲು ಮಡಚುವ ಜಾಗದಲ್ಲಿ ಫೋಮ್ ಅಡ್ಡ ಬರುತ್ತದೆ, ಹರಿಯುವುದೂ ಮೊದಲು ಅಲ್ಲೇ. ಒಮ್ಮೆ ನೆನೆದರೆ ಬೇಗ ಒಣಗುವುದಿಲ್ಲ.

ಕೊಳವೆ ಕಣ್ಣಿಗೆ ಕಾಣುವಂತಿದ್ದರೆ ಇನ್ನೊಂದು ಲಾಭವಿದೆ. ಕೊಳವೆ ಮತ್ತು ಅದನ್ನು ಬಿಗಿದು ಹಿಡಿಯುವ ಕ್ಲಾಂಪ್ ಸೇರುವ ಕಡೆ ಎರಡರ ಮೇಲೂ ಹಾಯುವಂತೆ ಮಾರ್ಕರ್‌ನಿಂದ ಒಂದು ಗೆರೆ ಎಳೆದಿಡಿ. ಗೆರೆ ತುಂಡಾಗಿ ಕಂಡರೆ ಕೊಳವೆ ತಿರುಗಿದೆ, ಬೋಲ್ಟ್ ಸಡಿಲಾಗಿದೆ ಎಂದರ್ಥ. ಕವರಿನೊಳಗಾದರೆ ಕಾಲು ಓಲಾಡುವವರೆಗೂ ಗೊತ್ತಾಗುವುದಿಲ್ಲ. ಹಾಗಂತ ಅಲನ್ ಕೀ ಹಿಡಿದು ನೀವೇ ತಿರುಗಿಸಲು ಕೂರಬೇಡಿ. ಸ್ಕ್ರೂ ಸ್ವಲ್ಪ ತಿರುಗಿದರೂ ನಡಿಗೆ ಕೆಡುತ್ತದೆ, ಆಮೇಲೆ ಸೊಂಟ ಹಿಡಿದುಕೊಂಡಾಗ ಕಾರಣ ಹುಡುಕುತ್ತಾ ಕೂರಬೇಕು.

ಆದರೂ ಕವರ್ ಬೇಡ ಅನ್ನಲು ನಿಜವಾದ ಕಾರಣ ಸಾಕ್ಸ್. ಬೆಳಿಗ್ಗೆಯಿಂದ ಸಂಜೆಗೆ ಸ್ಟಂಪ್‌ನ ಗಾತ್ರ ಇಳಿಯುತ್ತದೆ. ಅದನ್ನು ತುಂಬಿಕೊಳ್ಳಲು ಲೈನರ್ ಮೇಲೆ ಹಾಕುವ 1, 3, 5 ಪ್ಲೈ (ದಪ್ಪದ ಅಳತೆ) ಸಾಕ್ಸ್ ಇರುತ್ತವೆ. ಬೆಳಿಗ್ಗೆ ಒಂದು ಪ್ಲೈನಲ್ಲಿ ಸರಿಹೋದ ಸಾಕೆಟ್‌ಗೆ ಮಧ್ಯಾಹ್ನ ನಾಲ್ಕು ಬೇಕಾಗಬಹುದು. ಸಾಕ್ಸ್ ಕಡಿಮೆಯಾದರೆ ಸ್ಟಂಪ್ ಸಾಕೆಟ್‌ನ ಆಳಕ್ಕೆ ಇಳಿದು, ಮೊಣಕಾಲ ಚಿಪ್ಪಿನ ಕೆಳ ಅಂಚಿಗೂ ಸ್ಟಂಪ್‌ನ ತುದಿಗೂ ಒತ್ತುತ್ತದೆ. ಹೆಚ್ಚಾದರೆ ಒಳಗೆ ಪೂರ್ತಿ ಇಳಿಯುವುದೇ ಇಲ್ಲ: ಪಿನ್‌ನ ‘ಟಿಕ್ ಟಿಕ್’ ಎಣಿಕೆ ಕಡಿಮೆಯಾಗುತ್ತದೆ, ತುದಿ ತಳಕ್ಕೆ ತಾಗದೆ ಊದಿಕೊಳ್ಳುತ್ತದೆ. ದಿನವೂ ಎಷ್ಟು ಟಿಕ್ ಕೇಳುತ್ತದೆ ಎಂದು ಗಮನದಲ್ಲಿಡಿ. ಸಾಕ್ಸ್ ಹತ್ತು ಪ್ಲೈ ದಾಟಿತೆಂದರೆ ಸಾಕೆಟ್ ತೋರಿಸುವ ಹೊತ್ತಾಯಿತು.

ಇಷ್ಟೆಲ್ಲ ತಿಳಿದವರಿಗೂ ಹುಣ್ಣಾಗುತ್ತದೆ. ಯಾಕೆ? ನಾಲ್ಕು ಜನರ ಮುಂದೆ ಕಾಲು ಬಿಚ್ಚಬೇಕಲ್ಲ ಎಂಬ ಸಂಕೋಚ. ಮಧ್ಯಾಹ್ನ ಹಾಕಬೇಕಿದ್ದ ಸಾಕ್ಸ್ ಮನೆಗೆ ಹೋಗುವವರೆಗೆ ಬ್ಯಾಗಿನಲ್ಲೇ ಉಳಿಯುತ್ತದೆ. ಸಂಜೆ ಚರ್ಮ ಕಿತ್ತಿರುತ್ತದೆ. ಮರುದಿನ ಕಾಲು ಹಾಕುವಂತಿಲ್ಲ, ಮನೆಯಲ್ಲೇ ಕೂರಬೇಕು. ಮನೆಯಲ್ಲಿ ಕೂತಷ್ಟೂ ಜನರಿಂದ ದೂರ. ಬಚ್ಚಿಟ್ಟಿದ್ದರ ಬೆಲೆ ತೆರುವುದು ಚರ್ಮ. ಕಾಲು ಎಲ್ಲರಿಗೂ ಕಾಣುವಂತಿದ್ದರೆ ‘ಎರಡು ನಿಮಿಷ, ಸಾಕ್ಸ್ ಹಾಕ್ಕೋತೀನಿ’ ಎಂದು ಕುರ್ಚಿಯಲ್ಲೇ ಕೂತು ಮುಗಿಸಬಹುದು. ಮೊದಮೊದಲು ಜೊತೆಗಿರುವವರು ಮುಖ ತಿರುಗಿಸುತ್ತಾರೆ, ಕ್ರಮೇಣ ಅವರಿಗೂ ಅದು ಕನ್ನಡಕ ಒರೆಸಿಕೊಂಡಷ್ಟೇ ಮಾಮೂಲಾಗುತ್ತದೆ.

ಹಾಕುವಾಗ ಕೈ ಆತುರಪಡಬಾರದು. ಲೈನರ್ ಪೂರ್ತಿ ಒಳಹೊರಗು ಮಾಡಿ, ಅದರ ತಳವನ್ನು ಸ್ಟಂಪ್‌ನ ತುದಿಗೆ ಒತ್ತಿ ಹಿಡಿದು, ಗಾಳಿ ಉಳಿಯದಂತೆ ಮೇಲಕ್ಕೆ ಸುರುಳಿ ಬಿಚ್ಚುತ್ತಾ ಹೋಗಿ. ತುದಿಯಲ್ಲಿ ಗಾಳಿ ಉಳಿದರೆ ಹೆಜ್ಜೆಹೆಜ್ಜೆಗೂ ಚರ್ಮ ಎಳೆದು ಬೊಬ್ಬೆಯಾಗುತ್ತದೆ. ಉಗುರು ತಾಗಿ ಸಿಲಿಕೋನ್ ಹರಿಯುತ್ತದೆ, ಜೋಪಾನ. ಸಾಕ್ಸ್‌ನ ತೂತು ಪಿನ್‌ನ ಸುತ್ತ ಸರಿಯಾಗಿ ಕೂರಬೇಕು. ಒಂದೆಳೆ ದಾರ ಲಾಕಿನೊಳಗೆ ಹೋದರೂ ಪಿನ್ ಬಿಡುವುದಿಲ್ಲ. ಹಾಗಾದಾಗ ಎಳೆದಾಡಬೇಡಿ, ನಿಂತು ಕಾಲಿನ ಮೇಲೆ ಭಾರ ಹಾಕಿ, ಲಾಕ್ ಬಿಡಿಸುವ ಗುಂಡಿ ಒತ್ತಿ ಹಿಡಿದೇ ನಿಧಾನಕ್ಕೆ ಮೇಲೆತ್ತಿ. ಲೈನರನ್ನು ದಿನವೂ ವಾಸನೆಯಿಲ್ಲದ ಸೌಮ್ಯ ಸೋಪಿನಲ್ಲಿ ತೊಳೆದು, ಸೋಪು ಚೂರೂ ಉಳಿಯದಂತೆ ಜಾಲಿಸಿ ನೆರಳಲ್ಲಿ ಒಣಗಿಸಿ. ಎರಡಿದ್ದರೆ ಒಂದು ಒಣಗುವಾಗ ಇನ್ನೊಂದು ಹಾಕಬಹುದು.

ಪ್ರಾಸ್ಥೆಟಿಸ್ಟ್ ಮುಂದೆ ‘ನೋವಾಗುತ್ತೆ’ ಎಂದಷ್ಟೇ ಹೇಳಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಎಲ್ಲಿ, ಎಷ್ಟು ಹೊತ್ತು ನಡೆದ ಮೇಲೆ, ಆಗ ಎಷ್ಟು ಪ್ಲೈ ಇತ್ತು, ಇಳಿಜಾರಿನಲ್ಲೋ ಮೆಟ್ಟಿಲಲ್ಲೋ ಎಂದು ಹೇಳಿ. ಲೈನರ್ ಬಿಚ್ಚಿದಾಗ ಕಂಡ ಕೆಂಪು ಇಪ್ಪತ್ತು ನಿಮಿಷವಾದರೂ ಮಾಸದಿದ್ದರೆ ಫೋಟೋ ತೆಗೆದಿಟ್ಟುಕೊಳ್ಳಿ. ನೋಯುವ ಜಾಗಕ್ಕೆ ಲೈನರಿನ ಹೊರಮೈಯಲ್ಲಿ ಲಿಪ್‌ಸ್ಟಿಕ್ ಚುಕ್ಕೆ ಇಟ್ಟು, ಆ ಹೊತ್ತು ಸಾಕ್ಸ್ ಇಲ್ಲದೆ ಸಾಕೆಟ್ ಹಾಕಿದರೆ ಒಳಗೆ ಗುರುತು ಬೀಳುತ್ತದೆ. ಪ್ರಾಸ್ಥೆಟಿಸ್ಟ್ ಸಾಕೆಟನ್ನು ಉಜ್ಜಿ ಸವೆಸಬೇಕಾದ ಜಾಗ ಅದೇ. ಬೇರೆ ಚಪ್ಪಲಿ ಹಾಕಿದ್ದನ್ನೂ ಮುಚ್ಚಿಡಬೇಡಿ. ಹಿಮ್ಮಡಿಯ ಎತ್ತರ ಹೆಚ್ಚಿದರೆ ಮೊಣಕಾಲು ಮುಂದಕ್ಕೆ ನೂಕಿಸಿಕೊಳ್ಳುತ್ತದೆ, ತಗ್ಗಿದರೆ ಹಿಂದಕ್ಕೆ.

ಇಲ್ಲದ ಕಾಲಿನ ನೋವಿನ ಮಾತು ಇನ್ನೂ ಕಷ್ಟ. ಹೋದ ಹೆಬ್ಬೆರಳು ತುರಿಸುತ್ತೆ ಅಂದರೆ ಹುಚ್ಚು ಅಂದಾರು ಎಂದು ಎಷ್ಟೋ ಜನ ಬಾಯಿ ಬಿಡುವುದಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರ ಈ ಅನುಭವವನ್ನು ವೈದ್ಯ ಸೈಲಾಸ್ ವೇರ್ ಮಿಚೆಲ್ 1870ರ ದಶಕದಲ್ಲೇ ಬರೆದಿಟ್ಟಿದ್ದಾರೆ. 1990ರ ದಶಕದಲ್ಲಿ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಕನ್ನಡಿಯ ಉಪಾಯ ತೋರಿಸಿದರು. ಕಾಲಿಗಾದರೆ ಅದು ಹೀಗೆ: ಎರಡು ಕಾಲುಗಳ ನಡುವೆ ಕನ್ನಡಿ ನಿಲ್ಲಿಸಿ, ಇರುವ ಕಾಲಿನ ಬಿಂಬ ನೋಡುತ್ತಾ ದಿನಕ್ಕೆ 15 ನಿಮಿಷ ಪಾದ ಆಡಿಸುವುದು. ಎಲ್ಲರಿಗೂ ಒಗ್ಗುವುದಿಲ್ಲ, ತಲೆ ಸುತ್ತಿದರೆ, ನೋವು ಹೆಚ್ಚಿದರೆ ನಿಲ್ಲಿಸಿ ವೈದ್ಯರಿಗೆ ಹೇಳಿ. ಇದೇ ಅನುಭವ ಇರುವ ಇನ್ನೊಬ್ಬರ ಬಾಯಲ್ಲಿ ‘ನನಗೂ ರಾತ್ರಿ ಹೊತ್ತೇ ಜಾಸ್ತಿ’ ಎಂದು ಕೇಳಿದಾಗ ಮಾತ್ರೆ ಕೊಡದ ನಿರಾಳ ಸಿಗುತ್ತದೆ. ಹಾಗೆ ಮಾತಾಡಲು ಸಾಧ್ಯವಾದರೆ ನಿಮ್ಮ ಮಟ್ಟದಲ್ಲೇ ಕಾಲು ಹೋದವರನ್ನು ಹುಡುಕಿ. ಮೊಣಕಾಲು ಉಳಿದವರ ಸಲಹೆ ತೊಡೆಯಲ್ಲಿ ಕತ್ತರಿಸಿದವರಿಗೆ ಅರ್ಧ ಮಾತ್ರ ಹೊಂದುತ್ತದೆ.

ತೆರೆದಿಟ್ಟ ಕಾಲಿಗೆ ಅಪರಿಚಿತರ ಪ್ರಶ್ನೆಗಳು ತಪ್ಪಿದ್ದಲ್ಲ. ಮಕ್ಕಳು ನೇರವಾಗಿ ಕೇಳುತ್ತಾರೆ, ‘ಕಾಲಿಗೆ ಕಾಯಿಲೆ ಬಂತು, ಡಾಕ್ಟರ್ ತೆಗೆದರು, ಇದರಲ್ಲಿ ನಡೀತೀನಿ’ ಅಂದರೆ ಅವರಿಗೆ ಸಾಕು. ದೊಡ್ಡವರು ‘ಹೇಗಾಯ್ತು’ ಎಂದು ಕೆದಕಿದರೆ ‘ಅದು ಬೇಡ ಬಿಡಿ’ ಅನ್ನುವ ಹಕ್ಕು ನಿಮ್ಮದೇ. ಕಾಲು ಕಾಣಿಸುತ್ತದೆ ಎಂದ ಮಾತ್ರಕ್ಕೆ ಕಥೆಯನ್ನೂ ಹೇಳಬೇಕೆಂದಿಲ್ಲ.

ಒಂದು ಅಂಕ ಕಳೆದದ್ದು ಬಟ್ಟೆಯ ವಿಷಯಕ್ಕೆ. ಪ್ಯಾಂಟ್ ಹಾಕಿದರೆ ತೆಳ್ಳಗಿನ ಕೊಳವೆಯ ಸುತ್ತ ಜೋಲುತ್ತದೆ, ಕ್ಲಾಂಪಿನ ಅಂಚಿಗೆ ಉಜ್ಜಿ ಒಳಗಿನಿಂದ ಸವೆಯುತ್ತದೆ. ಕ್ಲಾಂಪಿನ ಮೇಲೆ ಹಳೆಯ ಸಾಕ್ಸ್‌ನ ತುಂಡೊಂದನ್ನು ತೊಡಿಸಿದರೆ ಸವೆತ ಬಹಳ ಕಡಿಮೆಯಾಗುತ್ತದೆ, ಗೆರೆ ನೋಡಬೇಕಾದಾಗ ಕೆಳಕ್ಕೆ ಎಳೆದರಾಯಿತು.