ಪ್ಲಾಸ್ಟಿಕ್ ಜಾಲರಿ ನೆಲ: ಮೂರು ಮಳೆಗಾಲ ಕಂಡಮೇಲೆ

ಹಂದಿಗೂಡಿಗೆ ಇದನ್ನು ಹಾಕಿಸಿದ ತಿಂಗಳಲ್ಲೇ ಐದು ಸ್ಟಾರ್ ಕೊಟ್ಟುಬಿಟ್ಟಿದ್ದೆ. ಈಗ ಮೂರಕ್ಕೆ ಇಳಿಸುತ್ತಿದ್ದೇನೆ. ಮಾಲು ಕೆಟ್ಟದ್ದೇನಲ್ಲ, ಆದರೆ ಮಾರುವವರು ಹೇಳಿದ್ದು ಅರ್ಧ ಮಾತ್ರ.

ನಮ್ಮದು ಸೋಮವಾರಪೇಟೆ ಕಡೆ. ಹನ್ನೆರಡು ತಾಯಿಹಂದಿ, ಯಾರ್ಕ್‌ಶೈರ್ ಮತ್ತು ಲ್ಯಾಂಡ್‌ರೇಸ್ ಮಿಶ್ರತಳಿ. ಮರಿ ಹಾಕುವ ನಾಲ್ಕು ಗೂಡುಗಳಲ್ಲಿ ಮೊದಲು ಸಿಮೆಂಟ್ ನೆಲವಿತ್ತು. ಜಾರಬಾರದೆಂದು ಮೇಸ್ತ್ರಿ ಪೊರಕೆಯಲ್ಲಿ ಗೀರೆಳೆದು ಬಿಟ್ಟಿದ್ದರು. ದೊಡ್ಡ ಹಂದಿಗೆ ಅದು ಸರಿಯೇ, ಮರಿಗಳಿಗೆ ಮಾತ್ರ ಉಪ್ಪುಕಾಗದ. ಹಾಲು ಕುಡಿಯುವಾಗ ಮರಿ ಮುಂಗಾಲನ್ನು ನೆಲಕ್ಕೆ ಒತ್ತಿ ಒತ್ತಿ ತಳ್ಳುತ್ತದೆ. ಎರಡನೇ ದಿನಕ್ಕೇ ಮೊಣಕಾಲಿನ ಚರ್ಮ ಕಿತ್ತು ಹಕ್ಕಳೆ ಕಟ್ಟುತ್ತಿತ್ತು. ಆ ಗಾಯದಿಂದ ಸೋಂಕು ಒಳಗಿಳಿದರೆ ಕೀಲು ಊದಿ, ಮರಿ ಮೊಲೆ ಹತ್ತಿರ ಹೋಗಲಾರದೆ ಸೊರಗುತ್ತದೆ.

ಪ್ಲಾಸ್ಟಿಕ್ ಹಲಗೆ ಹಾಕಿದ ಮೇಲೆ ಈ ಕಾಟ ಬಹುಮಟ್ಟಿಗೆ ನಿಂತಿತು. ಸಗಣಿ, ಗಂಜಳ ಕೆಳಗಿನ ಗುಂಡಿಗೆ ಬೀಳುತ್ತವೆ, ಮರಿಗೆ ನೆಲ ತಣ್ಣಗೆ ತಾಗುವುದಿಲ್ಲ, ಪೈಪು ಹಿಡಿದರೆ ಹತ್ತು ನಿಮಿಷದಲ್ಲಿ ಸ್ವಚ್ಛ. ಆ ಐದು ಸ್ಟಾರ್ ಇದಕ್ಕೇ.

ತೊಂದರೆ ಶುರುವಾದದ್ದು ತಾಯಂದಿರಲ್ಲಿ. ಹಂದಿಯ ಪ್ರತಿ ಕಾಲಿಗೂ ನಾಲ್ಕು ಗೊರಸು, ಭಾರ ಹೊರುವುದು ಮುಂದಿನ ಎರಡೇ. ಹಿಂಗಾಲಿನಲ್ಲಂತೂ ಹೊರಗಡೆಯ ಗೊರಸಿಗೇ ಹೆಚ್ಚು ಭಾರ, ಏಟು ಬೀಳುವುದೂ ಅದಕ್ಕೇ. ಇನ್ನೂರು ಕೆಜಿ ಹತ್ತಿರದ ಪ್ರಾಣಿ ಒದ್ದೆ ಪ್ಲಾಸ್ಟಿಕ್ ಮೇಲೆ ಏಳಲು ಹೋದರೆ ಹಿಂಗಾಲು ಜಾರುತ್ತದೆ. ಜಾರಿದ ಹಂದಿ ಆಮೇಲೆ ಏಳುವುದನ್ನೇ ಕಡಿಮೆ ಮಾಡುತ್ತದೆ. ಮೇವು, ನೀರು ಇಳಿದರೆ ಹಾಲೂ ಇಳಿಯಿತು. ಎರಡನೇ ಮಳೆಗಾಲದಲ್ಲಿ ಒಂದರ ಹಿಂಬದಿಯ ಕಿರುಗೊರಸು ಸಂದಿಗೆ ಸಿಕ್ಕಿ ಕಿತ್ತೇಬಂತು. ಆ ಕಿರುಚಾಟ ಮರೆಯುವಂಥದ್ದಲ್ಲ.

ನಾನು ಮೊದಲು ಮೇವನ್ನೇ ದೂರಿದೆ. ಗೊರಸು ಗಟ್ಟಿಯಾಗಲೆಂದು ಬಯೋಟಿನ್ ಎಂಬ ವಿಟಮಿನ್, ಸತು ಇರುವ ಖನಿಜ ಮಿಶ್ರಣ ತಂದು ಹಾಕಿದೆ. ಗೊರಸು ಬೆಳೆಯುವುದು ನಿಧಾನ, ಫಲ ಕಾಣಲು ತಿಂಗಳುಗಟ್ಟಲೆ ಬೇಕು. ಅಷ್ಟರೊಳಗೆ ಅದೇ ನೆಲ ಅದೇ ಗೊರಸನ್ನು ಮತ್ತೆ ಸೀಳುತ್ತಿತ್ತು. ಪಶುವೈದ್ಯರು ಬಂದವರೇ ಕಾಲು ನೋಡುವ ಮೊದಲು ಬಗ್ಗಿ ನೆಲ ಮುಟ್ಟಿ ನೋಡಿದರು. "ಮರಿಗೆ ಮಾಡಿದ ಹಲಗೆ ಮೇಲೆ ತಾಯಿಯನ್ನೂ ನಿಲ್ಲಿಸಿದ್ದೀರಲ್ರೀ" ಎಂದರು.

ಅಳತೆಯ ವಿಷಯ ಗೊತ್ತಾಗಿದ್ದು ಆಮೇಲೆ. ಯುರೋಪ್ ಒಕ್ಕೂಟದ ನಿಯಮದಲ್ಲಿ ಕಾಂಕ್ರೀಟ್ ಜಾಲರಿ ನೆಲದ ಸಂದಿ ಹಾಲು ಕುಡಿಯುವ ಮರಿಗಳಿಗೆ 11 ಮಿಮೀ, ಹಾಲು ಬಿಟ್ಟವಕ್ಕೆ 14, ಬೆಳೆಯುವವಕ್ಕೆ 18, ತಾಯಿಹಂದಿಗೆ 20 ಮೀರುವಂತಿಲ್ಲ. ನಡುವಿನ ಪಟ್ಟಿಯ ಅಗಲಕ್ಕೂ ಲೆಕ್ಕವಿದೆ: ಮರಿಗಳಿಗೆ ಕನಿಷ್ಠ 50 ಮಿಮೀ, ದೊಡ್ಡವಕ್ಕೆ 80. ನನಗೆ ಮಾರಿದವರು ಸಂದಿ ಎಷ್ಟು, ಪಟ್ಟಿ ಎಷ್ಟು ಎಂಬ ಮಾತೇ ಎತ್ತಲಿಲ್ಲ. ಚದರಡಿಗೆ ಎಷ್ಟು ಎನ್ನುವುದೊಂದೇ ಮಾತು. ಅಂಚು ಸೀಳಿದ ಹಲಗೆ ಬದಲಿಸಿಕೊಡಿ ಎಂದರೆ ಇವತ್ತಿಗೂ "ನಾಳೆ ಕಳಿಸ್ತೀವಿ ಸರ್".

ಕಳೆದ ವರ್ಷ ಎರಡು ಗೂಡುಗಳಲ್ಲಿ ತಾಯಿ ನಿಲ್ಲುವ ಜಾಗಕ್ಕೆ ಮಾತ್ರ ಎರಕದ ಕಬ್ಬಿಣದ ಜಾಲರಿ ಹಾಕಿಸಿದೆ, ಎರಡೂ ಪಕ್ಕದಲ್ಲಿ ಮರಿಗಳಿಗೆ ಪ್ಲಾಸ್ಟಿಕ್. ಕಬ್ಬಿಣ ತಾಯಿಗೆ ತಂಪು, ಕಾಲಿಗೆ ಹಿಡಿತ. ಆ ಎರಡು ಗೂಡುಗಳಲ್ಲಿ ಈ ಮಳೆಗಾಲ ಒಂದೂ ಕುಂಟಲಿಲ್ಲ.

ಗಬ್ಬದ ಹಂದಿಗಳ ಕೊಟ್ಟಿಗೆಗೆ ಪ್ಲಾಸ್ಟಿಕ್ ಬೇಡವೇ ಬೇಡ. ಅಲ್ಲಿ ಸಿಮೆಂಟೇ ಇದೆ, ಕಬ್ಬಿಣದ ಕರಣೆಯಲ್ಲಿ ನುಣ್ಣಗೆ ತೀಡದೆ ಮರದ ಹಲಗೆಯಲ್ಲಿ ಎಳೆಸಿದ್ದು. ನೀರು ನಿಲ್ಲದಷ್ಟು ಇಳಿಜಾರು, ಮಲಗುವ ಮೂಲೆಗೆ ಭತ್ತದ ಹುಲ್ಲು. ಸದಾ ಒದ್ದೆಯಲ್ಲಿ ನಿಂತರೆ ಗೊರಸು ಮೆತ್ತಗಾಗಿ ಬೇಗ ಸವೆಯುತ್ತದೆ, ಹಿಮ್ಮಡಿ ಕೊರೆಯುತ್ತದೆ. ಹೊಸ ಸಿಮೆಂಟಿನ ಮೇಲೆ ತಕ್ಷಣ ಹಂದಿ ಬಿಡಬೇಡಿ. ಅದರ ಕ್ಷಾರ ಚರ್ಮ ಸುಡುತ್ತದೆ, ಹಲವು ಬಾರಿ ತೊಳೆದು ಒಣಗಲು ಬಿಡಿ.

ಇನ್ನೊಂದು. ಒಟ್ಟೊಟ್ಟಿಗೆ ಹಲವು ಹಂದಿ ಕುಂಟಿ, ಗೊರಸಿನ ಬುಡದಲ್ಲೋ ಮೂತಿಯಲ್ಲೋ ಗುಳ್ಳೆ ಕಂಡರೆ ನೆಲವನ್ನು ಬಯ್ಯುತ್ತಾ ಕೂರಬೇಡಿ. ಕಾಲುಬಾಯಿ ಜ್ವರ ಇರಬಹುದು, ಅವತ್ತೇ ಡಾಕ್ಟರನ್ನು ಕರೆಸಿ.

ಉಳಿದೆರಡು ಗೂಡುಗಳಿಗೂ ಬೇಸಿಗೆಯಲ್ಲಿ ಕಬ್ಬಿಣ ಬರುತ್ತದೆ. ಅಲ್ಲಿ ಬಿಚ್ಚಿದ ಪ್ಲಾಸ್ಟಿಕ್ ಹಲಗೆಗಳು ಹಾಲು ಬಿಟ್ಟ ಮರಿಗಳ ಗೂಡಿಗೆ, ಸೀಳಿದ್ದೊಂದನ್ನು ಬಿಟ್ಟು.